ಬಿಸಿ ಎಲೆಕ್ಟ್ರಾನು ಆರುವ ಹೊತ್ತು

8 ಆಗಸ್ಟ್ 1988, ಸೋಮವಾರ

ಇವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ಮುಖ ಹಾಗೆ ಆಗಿತ್ತು.

ಅಚ್ಚಾಗಿ ಬಂದ ನನ್ನ ಲೇಖನದ ಪ್ರತಿಯನ್ನು ಮೇಜಿನ ಮೇಲೆ ಇಟ್ಟಿದ್ದೆ. ಬೇರೆಯವರು ನೋಡಲಿ ಎಂದೇ ಇಟ್ಟಿದ್ದೆ. ಇಲ್ಲಿಯೂ ಸುಳ್ಳು ಬರೆದು ಏನು ಪ್ರಯೋಜನ? ನಾಲ್ಕನೆಯ ಪುಟದಲ್ಲಿ ಆ ಚಿತ್ರವಿದೆ. ಪ್ರಯೋಗದಲ್ಲಿ ಸಿಕ್ಕ ಹನ್ನೊಂದು ಬಿಂದುಗಳು, ಅವುಗಳನ್ನು ಹೂವಿನಂತೆ ಪೋಣಿಸಿಕೊಂಡು ಹೋಗುವ ನನ್ನ ಗೆರೆ. ಕಳೆದ ವರ್ಷ ನಮ್ಮ ವಿಭಾಗಕ್ಕೆ ಬಂದ ಮೂರ್ತಿ ಅದನ್ನು ಎತ್ತಿಕೊಂಡು ನಿಂತಲ್ಲೇ ಓದಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಮೇಡಂ, ಇಲ್ಲಿ ಇನ್ನರ್ಧ ಎಲೆಕ್ಟ್ರಾನ್‌ಗಳು ಎಲ್ಲಿ ಹೋದ್ವು?" ಅಂದ.

ನಾನು ಬಾಯಿ ತೆರೆಯುವುದರೊಳಗೆ ಕಾಮರ್ಸಿನ ಪಿಳ್ಳಣ್ಣ ಶುರು ಮಾಡಿದರು. "ಇನ್ನರ್ಧ ಮನೇಲಿ ಒಲೆ ಮುಂದೆ ಕೂತಿರ್ಬೇಕು ಗುರು. ಎಲ್ಲಾ ಕಾಲೇಜಿಗೇ ಬಂದ್ಬಿಟ್ರೆ ಮನೇಲಿ ಸಾರು ಯಾರು ಕುದಿಸ್ತಾರೆ?"

ಆಗಲೇ ನಕ್ಕಿದ್ದು. ಮೂರ್ತಿಯೂ ನಕ್ಕ. ನಾನು ಇಂಗ್ಲಿಷಿನಲ್ಲಿ, ಎಲೆಕ್ಟ್ರಾನುಗಳಲ್ಲಿ ಎರಡು ಬಗೆಯ ಸ್ಪಿನ್ ಎಂಬುದು ಎಂಎಸ್ಸಿ ಮೊದಲ ವರ್ಷದ ಪಾಠ, ಒಮ್ಮೆ ಓದಿಕೊಂಡು ಬನ್ನಿ ಎಂದೆ. ಅವನ ಕಿವಿ ಕೆಂಪಾಯಿತು. ಸರಿಯಾಗಿ ಹೇಳಿದೆ ಅನ್ನಿಸಿತು. ಈಗಲೂ ಅನ್ನಿಸುತ್ತಿದೆ.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಪ್ರಬಂಧ ಬರೆಯುತ್ತಿರುವುದೂ ಅದರಲ್ಲೇ. ಈ ನೋಟುಬುಕ್ಕನ್ನು ಕನ್ನಡಕ್ಕೆ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ನನಗೆ ನನ್ನಿಂದಲೇ ತಪ್ಪಿಸಿಕೊಳ್ಳಲು ಬಹಳ ಚೆನ್ನಾಗಿ ಬರುತ್ತದೆ.

10 ಆಗಸ್ಟ್, ಬುಧವಾರ

ನವೆಂಬರ್ ಮೂವತ್ತಕ್ಕೆ ಪ್ರಬಂಧ ಸಲ್ಲಿಸಬೇಕು. ಅಲ್ಲಿಗೆ ನನ್ನ ಪಿಎಚ್‌ಡಿ ನೋಂದಣಿ ಮುಗಿಯುತ್ತದೆ. ಒಮ್ಮೆ ಅವಧಿ ವಿಸ್ತರಿಸಿದ್ದಾರೆ, ಇನ್ನೊಮ್ಮೆ ವಿಸ್ತರಿಸುವುದಿಲ್ಲ. ನನ್ನ ಗೈಡ್, ಆ ಲೇಖನದ ಎರಡನೆಯ ಲೇಖಕರೂ ಆದ ಪ್ರೊಫೆಸರ್ ಮುನಿಸ್ವಾಮಿ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಾರೆ. ನನಗೆ ನಲವತ್ತನಾಲ್ಕು. ಆರು ವರ್ಷ ಪ್ರತಿ ಶನಿವಾರ ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಿಂದ ಬೆಂಗಳೂರಿನ ಇನ್‌ಸ್ಟಿಟ್ಯೂಟಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿ ಬಂದ ಕೆಲಸ ಇದು. ನಾಲ್ಕು ಅಧ್ಯಾಯ ಟೈಪಾಗಿವೆ. ಐದನೆಯದರ ಚಿತ್ರಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ಬರೆದಾಗಿದೆ. ಉಳಿದಿರುವುದು ಬೈಂಡಿಂಗು ಅಂದರೂ ತಪ್ಪಿಲ್ಲ.

ಅತ್ತೆ ಸಂಜೆ ಬಾಗಿಲಲ್ಲಿ ನಿಂತು ಕೇಳಿದರು. "ಇನ್ನೂ ಆರ್ಲಿಲ್ವಾ ತಾಯಿ ನಿನ್ನ ಕರೆಂಟು?"

ಅವರಿಗೆ ಒಂದು ಸಲ ವಿವರಿಸಿದ್ದೆ. ಎರಡು ಗೋಡೆಗಳ ಮಧ್ಯೆ ಓಣಿ ಇರುವ ಹಾಗೆ, ಎರಡು ಪದರಗಳ ನಡುವೆ ಗ್ಯಾಲಿಯಂ ಆರ್ಸೆನೈಡಿನ ಬಹಳ ತೆಳುವಾದ ಒಂದು ಪದರ ಇರುತ್ತದೆ. ಎಲೆಕ್ಟ್ರಾನುಗಳು ಅದರೊಳಗೇ ಓಡಾಡಬೇಕು, ಮೇಲೆ ಕೆಳಗೆ ಹೋಗುವ ಹಾಗಿಲ್ಲ. ಅವುಗಳನ್ನು ಬಿಸಿ ಮಾಡಿ ಬಿಟ್ಟರೆ ಸುತ್ತಲ ಹರಳನ್ನು ಅಲುಗಾಡಿಸಿ ಅಲುಗಾಡಿಸಿ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆ ಒಂದೊಂದು ಅಲುಗಾಟದ ಹೆಸರು ಫೋನಾನ್. ಎಷ್ಟು ಬೇಗ ಆರುತ್ತವೆ ಎಂಬುದೇ ನನ್ನ ಪ್ರಶ್ನೆ. ಅಷ್ಟೂ ಕೇಳಿ ಅತ್ತೆ, "ರಾಗಿ ಅಂಬ್ಲಿ ಆರ್ದಂಗೆ" ಅಂದಿದ್ದರು. ಅಂದಿನಿಂದ ಐದು ವರ್ಷ ಇದೇ ಪ್ರಶ್ನೆ, ಇದೇ ನಗು.

ಇವತ್ತು ನಾನು ನಗಲಿಲ್ಲ. ಎದುರು ಮನೆಯಲ್ಲಿ ರೇಷ್ಮೆ ನೂಲು ಹೊಸೆಯುವ ಹುರಿ ಮಿಷನ್ನುಗಳ ಸದ್ದು ತಲೆ ತಿನ್ನುತ್ತಿತ್ತು. ಕಿಟಕಿ ಮುಚ್ಚಿ, ಬಾಗಿಲನ್ನೂ ಎಳೆದುಕೊಂಡು ಕೂತೆ.

20 ಆಗಸ್ಟ್, ಶನಿವಾರ

ಪ್ರೊಫೆಸರಿಗೆ ಮೂರ್ತಿಯ ಮಾತು ಹೇಳಿದೆ, ನಗೆಚಾಟಿಕೆಯಂತೆ. ಅವರು ಕನ್ನಡಕ ಒರೆಸುತ್ತ, "ಗೆರೆ ಬಿಂದುಗಳ ಮೇಲೆ ಕೂತಿದೆ ಅಲ್ವೇನಮ್ಮ? ಇನ್ನೇನು ಬೇಕು?" ಎಂದರು.

ಹೌದು, ಇನ್ನೇನು ಬೇಕು?

ವಾಪಸು ಬರುವಾಗ ದೇವನಹಳ್ಳಿಯಲ್ಲಿ ಮೂರ್ತಿ ಅದೇ ಬಸ್ಸು ಹತ್ತಿದ. ಚನ್ನರಾಯಪಟ್ಟಣ ಹೋಬಳಿಯ ತನ್ನ ಹಳ್ಳಿಯಿಂದ ಬರುತ್ತಿದ್ದನೇನೋ, ಕೈಯಲ್ಲಿ ತರಕಾರಿ ಚೀಲ. ನನ್ನ ಪಕ್ಕದ ಸೀಟು ಖಾಲಿ ಇತ್ತು. ನಾನು ಫ್ಲಾಪಿಗಳ ಡಬ್ಬಿಯನ್ನು ಅಲ್ಲಿಟ್ಟೆ. ಅವನು ವಿಜಯಪುರದವರೆಗೂ ನಿಂತೇ ಬಂದ.

6 ಸೆಪ್ಟೆಂಬರ್, ಮಂಗಳವಾರ

ಅವನ ಜೊತೆ ಮಾತು ಬಿಟ್ಟು ನಾಲ್ಕು ವಾರ. ಲ್ಯಾಬಿನ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಹೋಗುತ್ತೇನೆ, ಎತ್ತಿಕೊಳ್ಳುತ್ತಾನೆ.

ಆ ನಗು ಇನ್ನೂ ಕೇಳಿಸುತ್ತದೆ. ಪಾಠ ಮಾಡುವಾಗ, ಹಲ್ಲುಜ್ಜುವಾಗ, ಅನ್ನ ಬಸಿಯುವಾಗ. ಅದು ಇಷ್ಟು ದಿನಕ್ಕೆ ಹಳತಾಗಬೇಕಿತ್ತು, ದಿನದಿನಕ್ಕೆ ಹೊಸತಾಗುತ್ತಿದೆ. ಪಿಳ್ಳಣ್ಣನವರ ಮಾತಿಗೆ ನಾನು ಕೊಡಬೇಕಿದ್ದ ಉತ್ತರಗಳು ಈಗ ಒಂಬತ್ತಾಗಿವೆ. ಒಂಬತ್ತೂ ಚೆನ್ನಾಗಿವೆ.

ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಪರಿಶೀಲಿಸಲು ಅರ್ಧ ದಿನದ ಕೆಲಸ, ಯಾಕೆ ಮಾಡುತ್ತಿಲ್ಲ? ಉತ್ತರ: ಅಗತ್ಯವಿಲ್ಲ. ಇದು ಉತ್ತರವೇ?

18 ಸೆಪ್ಟೆಂಬರ್, ಭಾನುವಾರ

ಇದನ್ನು ನಿಧಾನವಾಗಿ ಬರೆಯುತ್ತೇನೆ, ಯಾವ ಹೆಜ್ಜೆಯೂ ಬಿಟ್ಟುಹೋಗದಿರಲಿ.

ಊಟಕ್ಕೆ ಕರೆಯಲು ಅತ್ತೆಯನ್ನು ಹುಡುಕಿಕೊಂಡು ಮನೆಯ ಹಿಂದಿರುವ ಪಾಪಕ್ಕನ ಶೆಡ್ಡಿಗೆ ಹೋದೆ. ಪಾಪಕ್ಕ ರೇಷ್ಮೆ ಗೂಡು ತಂದು ನೂಲು ತೆಗೆಸುತ್ತಾಳೆ. ಅತ್ತೆ ಮದುವೆಗೆ ಮುಂಚೆ ಅದೇ ಕೆಲಸ ಮಾಡಿದವರು. ಈಗಲೂ ದಿನಕ್ಕೊಂದು ಗಂಟೆ ಅಲ್ಲಿ ಕೂತು ತಪ್ಪು ಹುಡುಕದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಒಳಗೆ ಹಬೆ, ಬೆಂದ ಹುಳುವಿನ ವಾಸನೆ. ಬಾಣಲೆಯ ಬಿಸಿನೀರಿನಲ್ಲಿ ಕೆಲವೇ ಗೂಡುಗಳು ತೇಲುತ್ತಿದ್ದವು. ಅದರಿಂದ ನಾಲ್ಕು ಎಳೆ, ಒಂದೊಂದೂ ಹಲವು ಗೂಡಿನ ನೂಲು ಸೇರಿ ಆದದ್ದು, ಎದ್ದು ಚರಕಕ್ಕೆ ಸುತ್ತಿಕೊಳ್ಳುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ ಕದಿರಮ್ಮ ಎಂಬ ಹೆಂಗಸು ಬಾಣಲೆ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಪಾಪಕ್ಕ ಬಯ್ಯುತ್ತಿದ್ದಳು.

"ಎಳೆಗೆ ಎಂಟು ಗೂಡು ಅಂದಿದ್ದು ದಿಟ ಕಣಮ್ಮಿ. ಎಳೆ ನೋಡಿದ್ರೆ ಸರಿಯಾಗೇ ಐತೆ. ಬಾಂಡ್ಲಿ ನೋಡು! ಬರಿದಾಗಿ ಬಿಸಿನೀರು ಬಾಯಿ ಬಿಡ್ತಾ ಐತೆ."

"ನೀವೇ ಹೇಳಿದ್ರಲ್ಲಕ್ಕ, ಎಂಟು ಅಂತ."

ಅತ್ತೆ ಗೋಡೆಗೆ ಒರಗಿಕೊಂಡೇ ನಡುವೆ ಬಾಯಿ ಹಾಕಿದರು. "ಎಳೆಗೆ ಎಂಟು. ಬಾಂಡ್ಲಿಗೆ ಎಂಟಲ್ಲ. ನಾಲ್ಕೂ ಎಳೆ ತಿನ್ನೋದು ಒಂದೇ ಬಾಂಡ್ಲಿಯಿಂದ ಅಲ್ವಾ? ನೀನು ಒಂದೆಳೆ ಮುಂದೆ ಕೂತು ಎಣಿಸಿದ್ದೀಯ. ಬಾಂಡ್ಲಿ ಮುಂದೆ ಕೂತು ಎಣಿಸ್ಬೇಕು."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ಯಾಕ್ ಟೀಚರಮ್ಮ, ಹಬೆ ಹೊಡೀತಾ?" ಎಂದು ಪಾಪಕ್ಕ ಕೇಳಿದಳು. ಏನೋ ಹೇಳಿ ಬಂದೆ.

ಎಲೆಕ್ಟ್ರಾನುಗಳಲ್ಲಿ ಎರಡು ಬಗೆಯ ಸ್ಪಿನ್. ಎರಡೂ ಬಗೆಯವು ಅಲುಗಾಡಿಸುವುದು ಒಂದೇ ಹರಳನ್ನು. ಎಲೆಕ್ಟ್ರಾನಿನ ಕಡೆಯಿಂದ ನಾನು ಮಾಡಿದ ಲೆಕ್ಕ ಸರಿ: ಒಂದೊಂದು ಎಷ್ಟು ಶಕ್ತಿ ಕೊಡುತ್ತದೆ ಎಂಬುದು. ಫೋನಾನಿನ ಕಡೆಯಿಂದ, ಅಂದರೆ ಬಾಣಲೆಯ ಕಡೆಯಿಂದ, ನಾನು ಎಣಿಸಿದ್ದು ಒಂದೇ ಬಗೆಯನ್ನು.

ಊಟಕ್ಕೆ ಕರೆಯಲು ಹೋದವಳು ಕರೆಯದೇ ಬಂದಿದ್ದೆ. ಅತ್ತೆ ತಾವೇ ಬಂದರು.

19 ಸೆಪ್ಟೆಂಬರ್, ಸೋಮವಾರ

ರಜೆ ಹಾಕಿ ಪರಿಶೀಲಿಸಿದೆ. ಲೆಕ್ಕದ ಪುಸ್ತಕದ ಪುಟ ಹದಿನೇಳು, ಲೇಖನದಲ್ಲಿ ಮೂರನೆಯ ಸಮೀಕರಣ. ಎರಡು ಇರಬೇಕಾದ ಕಡೆ ಒಂದು ಇದೆ.

ಅವನು ಹೇಳಿದ್ದು ಸರಿ.

24 ಸೆಪ್ಟೆಂಬರ್, ಶನಿವಾರ

ಕಂಪ್ಯೂಟರಿನಲ್ಲಿ ಆ ಒಂದು ಸಾಲು ತಿದ್ದಿ ಓಡಿಸಿದೆ. ಒಂದೂವರೆ ಗಂಟೆ ಹಿಡಿಯಿತು. ಹೊಸ ಗೆರೆ ಬಿಂದುಗಳ ಕೆಳಗೆ ಹೋಗಿ ಕೂತಿತು. ಆರುವ ವೇಗವನ್ನು ಪ್ರಯೋಗ ಹತ್ತು ಎಂದರೆ ನನ್ನ ಲೆಕ್ಕ ಆರು ಎನ್ನುತ್ತದೆ.

ಯಾಕೆ ಎಂಬುದು ಈಗ ಸ್ಪಷ್ಟ. ಎಲೆಕ್ಟ್ರಾನು ಕೊಟ್ಟ ಬಿಸಿ ಆ ಕ್ಷಣವೇ ದೂರ ಹೋಗುವುದಿಲ್ಲ. ಫೋನಾನುಗಳು ಸ್ವಲ್ಪ ಹೊತ್ತು ಅಲ್ಲೇ ಸುತ್ತಮುತ್ತ ಇರುತ್ತವೆ. ಇದ್ದಷ್ಟು ಹೊತ್ತು ಅವೇ ಎಲೆಕ್ಟ್ರಾನಿಗೆ ಬಿಸಿಯನ್ನು ಹಿಂದಕ್ಕೆ ಕೊಡುತ್ತವೆ. ಆದ್ದರಿಂದಲೇ ಆರುವುದು ನಿಧಾನ. ಇದು ಬೇರೆಯವರು ಮೊದಲೇ ಕಂಡುಕೊಂಡ ಸಂಗತಿ, ನಾನು ಅದನ್ನು ನನ್ನ ಪದರಕ್ಕೆ ಲೆಕ್ಕ ಹಾಕಿದವಳು. ಅರ್ಧದಷ್ಟನ್ನೇ ಎಣಿಸಿದ್ದರಿಂದ ನನ್ನ ಎಲೆಕ್ಟ್ರಾನುಗಳಿಗೆ ಹಿಂದಕ್ಕೆ ಬಂದ ಬಿಸಿ ಕಡಿಮೆಯಾಗಿ, ಅವು ಬೇಗ ಆರಿದವು. ಆ ಬೇಗ ಹೇಗೋ ಪ್ರಯೋಗಕ್ಕೆ ಸರಿಹೊಂದಿತು. ಸರಿಹೊಂದಿದ್ದರಿಂದ ನಾನು ಮತ್ತೆ ನೋಡಲಿಲ್ಲ.

ಪ್ರೊಫೆಸರು ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಫೋನಾನ್ ಎಷ್ಟು ಹೊತ್ತು ಬದುಕುತ್ತೆ ಅಂತ ಹಾಕಿದ್ದೀರಿ?"

"ಏಳು ಪಿಕೋಸೆಕೆಂಡು ಸಾರ್. ಅಳೆದಿರೋದು ಅಷ್ಟೇ."

"ಅಳೆದಿರೋದು ದಪ್ಪ ಹರಳಿನಲ್ಲಿ. ನಿಮ್ಮದು ತೆಳು ಪದರ. ಮೂರೂವರೆ ಹಾಕಿ. ಗೆರೆ ವಾಪಸು ಬಂದು ಕೂತ್ಕೊಳ್ಳುತ್ತೆ. ಯಾರೂ ಕೇಳಲ್ಲ."

ಕೂತುಕೊಳ್ಳುತ್ತದೆ, ನಿಜ. ಒಂದು ಕಡೆ ಎರಡರಿಂದ ಗುಣಿಸಿ ಇನ್ನೊಂದು ಕಡೆ ಎರಡರಿಂದ ಭಾಗಿಸಿದ ಹಾಗೆ. ಚಿತ್ರವನ್ನು ಹೊಸದಾಗಿ ಬರೆಯುವುದೂ ಬೇಡ.

2 ಅಕ್ಟೋಬರ್, ಭಾನುವಾರ

ಮೂರೂವರೆ ತಪ್ಪು ಎಂದು ನಾನು ತೋರಿಸಬಲ್ಲೆನೇ? ಇಲ್ಲ. ಸರಿ ಎಂದು ತೋರಿಸಬಲ್ಲೆನೇ? ಅದೂ ಇಲ್ಲ. ಹಾಗಾದರೆ ಅದನ್ನು ಹಾಕುವುದಕ್ಕೆ ಕಾರಣ ಏನು? ಗೆರೆ ಕೂರುತ್ತದೆ ಎಂಬುದು ಮಾತ್ರ. ಬೇಕಾದ ಉತ್ತರ ಬರುವ ತನಕ ಪ್ರಶ್ನೆಯನ್ನು ತಿದ್ದುವ ವಿದ್ಯಾರ್ಥಿಗಳಿಗೆ ನಾನು ಸೊನ್ನೆ ಹಾಕುತ್ತೇನೆ.

ಆದರೂ ಈ ವಾರವೆಲ್ಲ ಮನಸ್ಸಿನಲ್ಲಿ ಮೂರೂವರೆಯನ್ನೇ ಹಾಕುತ್ತಿದ್ದೆ. ನಮ್ಮವರಿಗೆ ಹೇಳಿದೆ. ಅವರು ದೇವನಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾರೆ. ಭೀಮರಾಜ್ ಎಂದರೆ ಕೆಟ್ಟ ಲೈನು ಹಿಡಿಯುವುದರಲ್ಲಿ ಹೆಸರು. ಎಲ್ಲ ಕೇಳಿ, "ಲೈನಲ್ಲಿ ಫಾಲ್ಟ್ ಐತೆ ಅಂತ ಗೊತ್ತಾದ್ಮೇಲೆ, ಗಂಟೆ ಬಾರಿಸ್ತಾ ಐತಲ್ಲ ಅಂತ ಬಿಟ್ಟು ಬರಕ್ಕಾಗಲ್ಲ ಶಾಮಲಾ" ಎಂದರು. ಆಮೇಲೆ, "ಆದ್ರೆ ಎಷ್ಟೋ ಸಲ ಬಿಟ್ಟು ಬಂದಿದೀನಿ" ಎಂದೂ ಸೇರಿಸಿದರು. ಇಂಥ ಗಂಡನಿಂದ ಸಲಹೆ ಪಡೆಯುವುದು ಕಷ್ಟ.

19 ಅಕ್ಟೋಬರ್, ಬುಧವಾರ. ಆಯುಧಪೂಜೆ

ಎಲ್ಲ ಹೋಯಿತು.

ಬೆಳಿಗ್ಗೆ ನಾನು ಕಾಲೇಜಿನ ಲ್ಯಾಬಿನ ಪೂಜೆಗೆ ಹೋಗಿದ್ದೆ. ಅತ್ತೆ ಮನೆಯಲ್ಲಿ ಕುಡುಗೋಲು, ಈಳಿಗೆಮಣೆ, ಭೀಮರಾಜರ ಸ್ಕ್ರೂಡ್ರೈವರು, ಸೈಕಲ್ಲು, ಎಲ್ಲಕ್ಕೂ ಪೂಜೆ ಮಾಡಿದರು. ನನ್ನದೂ ಒಂದು ಆಯುಧ ಇರಬೇಕಲ್ಲ. ನಾನು ಪ್ರತಿ ಶನಿವಾರ ಎದೆಗವಚಿಕೊಂಡು ಒಯ್ಯುವುದು ಚಪಾತಿ ಡಬ್ಬಿ, ಅದರೊಳಗೆ ಎರಡು ಫ್ಲಾಪಿ. ಒಂದರಲ್ಲಿ ಪ್ರೋಗ್ರಾಮು, ಇನ್ನೊಂದರಲ್ಲಿ ಅದರದೇ ನಕಲು. ಎರಡನ್ನೂ ಕಾಗದದ ಕವರಿನಿಂದ ತೆಗೆದು, ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವಿನಿಂದ ನೀರು ಚಿಮುಕಿಸಿದ್ದಾರೆ.

"ಕರೀ ಹಲಗೆ ಮೇಲೆ ಕುಂಕುಮ ನಿಲ್ಲಲಿಲ್ಲ ತಾಯಿ. ಮಧ್ಯ ಒಂದು ಬಾಯಿ ಇತ್ತಲ್ಲ, ಅಲ್ಲಿ ಕಂದಗೆ ಕಾಣ್ತಿತ್ತು. ಅಲ್ಲಿಗೆ ಇಟ್ಟೆ. ಚೆನ್ನಾಗಿ ಅಂಟ್ಕೊಂತು."

ಆ ಬಾಯಿಯಲ್ಲಿ ಕಾಣುವುದೇ ತಟ್ಟೆ. ಬರೆದದ್ದೆಲ್ಲ ಇರುವುದು ಅದರ ಮೇಲೆ.

ಅವರೇ ನನ್ನ ಮುಖ ನೋಡಿ, "ಏನಾಯ್ತು? ತಪ್ಪಾಯ್ತಾ?" ಎಂದರು. ಕೈಯಲ್ಲಿ ಇನ್ನೂ ಕುಂಕುಮದ ಬಟ್ಟಲು.

"ಇಲ್ಲ ಅತ್ತೆ" ಎಂದೆ. ಒಳಗೆ ಬಂದು ಕೂತೆ.

ಇನ್‌ಸ್ಟಿಟ್ಯೂಟಿನ ಯಂತ್ರದಲ್ಲಿ ಯಾರದನ್ನೂ ಉಳಿಸಿಕೊಳ್ಳುವುದಿಲ್ಲ. ಉಳಿದಿರುವುದು ಜೂನಿನಲ್ಲಿ ಅಚ್ಚು ಹಾಕಿಸಿದ ಪ್ರೋಗ್ರಾಮಿನ ಕಾಗದ, ಒಂಬೈನೂರ ಹನ್ನೆರಡು ಸಾಲು, ತಪ್ಪಿನ ಸಮೇತ. ಮತ್ತು ತಪ್ಪು ಗೆರೆಯ ಚಿತ್ರ, ಇಂಕಿನಲ್ಲಿ, ಬಹಳ ಅಂದವಾಗಿ, ಸಲ್ಲಿಸಲು ಸಿದ್ಧವಾಗಿ.

21 ಅಕ್ಟೋಬರ್, ಶುಕ್ರವಾರ

ತಪ್ಪಾದದ್ದು ಮುಗಿದು ಕೂತಿದೆ. ಸರಿಯಾದದ್ದನ್ನು ಮೊದಲಿನಿಂದ ಮಾಡಬೇಕು. ಉಳಿದಿರುವುದು ಆರು ಶನಿವಾರ, ತಲಾ ನಾಲ್ಕು ಗಂಟೆ.

ಹಳೆಯದನ್ನೇ ಸಲ್ಲಿಸಿದರೆ ಯಾರೂ ನನ್ನನ್ನು ದೂರುವುದಿಲ್ಲ. ಫ್ಲಾಪಿ ಹಾಳಾಯಿತು ಎಂದರೆ ಪ್ರೊಫೆಸರಿಗೂ ಸಮಾಧಾನವೇ. ಅತ್ತೆಯ ಕುಂಕುಮ ನನಗೆ ಒಂದು ನೆಪ ಕೊಟ್ಟಿದೆ, ಅದೂ ದೇವರ ಹೆಸರಿನಲ್ಲಿ.

ನೆಪ ಇಷ್ಟು ಅನುಕೂಲವಾಗಿ ಇರುವುದನ್ನು ನೋಡಿಯೇ ನನಗೆ ಇದು ಬೇಡ ಅನ್ನಿಸಿತು. ಬೇಡ. ಮೊದಲಿನಿಂದ ಮಾಡುತ್ತೇನೆ. ಏಳು ಏಳಾಗಿಯೇ ಇರುತ್ತದೆ.

ಒಬ್ಬಳೇ ನೋಡಿ ಟೈಪು ಮಾಡಿದರೆ ಒಂಬೈನೂರ ಹನ್ನೆರಡು ಸಾಲಿಗೆ ಮೂರು ಶನಿವಾರ ಬೇಕು. ಒಬ್ಬರು ಓದಿ ಒಬ್ಬರು ಹೊಡೆದರೆ ಒಂದೂವರೆ. ಓದುವವರಿಗೆ ಫಿಸಿಕ್ಸ್ ಗೊತ್ತಿರಬೇಕು. ಈ ಊರಿನಲ್ಲಿ ಅಂಥವರು ಎಷ್ಟು ಜನ ಇದ್ದಾರೆ ಎಂದು ಎಣಿಸುವ ಅಗತ್ಯವಿಲ್ಲ.

ಮಧ್ಯಾಹ್ನ ಲ್ಯಾಬಿಗೆ ಹೋದೆ. ಮೂರ್ತಿ ಸ್ಪೆಕ್ಟ್ರೋಮೀಟರ್ ಒರೆಸುತ್ತಿದ್ದರು. ಬೀಗದ ಕೈಯನ್ನು ಮೇಜಿನ ಮೇಲೆ ಇಡದೆ ಕೈಗೇ ಕೊಟ್ಟೆ.

"ನೀವು ಕೇಳಿದ್ದು ಸರಿ. ಇನ್ನರ್ಧ ಬಿಟ್ಟುಹೋಗಿತ್ತು."

ಅವರು ಒರೆಸುವುದು ನಿಲ್ಲಿಸಿದರು. "ಬಿಟ್ಟುಹೋಗಿತ್ತಾ? ಅಯ್ಯೋ ಮೇಡಂ, ನಾನು ಗೊತ್ತಾಗ್ದೆ ಕೇಳಿದ್ದು! ಎಲ್ಲೋ ಇರುತ್ತೆ, ನನಗೆ ಕಾಣ್ತಿಲ್ಲ ಅಂತ. ನೀವು ಓದ್ಕೊಂಡು ಬನ್ನಿ ಅಂದ್ರಲ್ಲ, ಅವತ್ತಿಂದ ಓದ್ತಾನೇ ಇದೀನಿ. ಎಂಎಸ್ಸಿ ನೋಟ್ಸೆಲ್ಲ ಊರಿಂದ ತರಿಸ್ದೆ."

"ನಕ್ಕಿರಲ್ಲ."

"ಎಲ್ರೂ ನಕ್ರಲ್ಲ ಮೇಡಂ. ನೀವೂ ನಕ್ರಿ."

ಎರಡೂವರೆ ತಿಂಗಳು. ಅವರು ಓದುತ್ತಿದ್ದರು, ನಾನು ಉತ್ತರ ಹೊಸೆಯುತ್ತಿದ್ದೆ.

ನಾಳೆಯಿಂದ ಶನಿವಾರ ಬರುತ್ತೀರಾ ಎಂದು ಕೇಳಿದೆ. "ಬರ್ತೀನಿ. ಬಸ್ಸಲ್ಲಿ ಸೀಟು ಕೊಟ್ರೆ" ಎಂದರು.

29 ಅಕ್ಟೋಬರ್, ಶನಿವಾರ

ಎರಡು ಶನಿವಾರ ಸೇರಿ ಆರುನೂರ ನಲವತ್ತು ಸಾಲು ಆಯಿತು. ಮೂರ್ತಿಯವರು ಓದುವುದು ಹರಿಕಥೆಯ ಹಾಗೆ. "ಬ್ರಾಕೆಟ್ಟು ತೆಗೀರಿ, ಕ್ಯೂ ಸ್ಕ್ವೇರು, ಬ್ರಾಕೆಟ್ಟು ಮುಚ್ಚಿ, ಮುಚ್ಚಿದ್ರಾ? ಇನ್ನೊಂದು ಮುಚ್ಚಿ." ಕಂಪ್ಯೂಟರ್ ಕೋಣೆಯವರು ಎರಡು ಸಲ ಬಂದು ಮೆಲ್ಲಗೆ ಎಂದರು.

ನಾನೂರ ಹದಿನೆಂಟನೆಯ ಸಾಲು ಬಂತು, ಆ ತಪ್ಪಿನ ಸಾಲು. "ಎರಡು" ಎಂದು ಓದಿದರು, ಕಾಗದದಲ್ಲಿ ಇಲ್ಲದ್ದನ್ನು. ನಾನು ಹೊಡೆದೆ.

ಫ್ಲಾಪಿಗಳು ಈಗ ಮೂರು. ಒಂದು ನನ್ನ ಹತ್ತಿರ, ಒಂದು ಮೂರ್ತಿಯವರ ಹತ್ತಿರ, ಒಂದು ಭೀಮರಾಜರ ಎಕ್ಸ್‌ಚೇಂಜಿನ ಬೀರುವಿನಲ್ಲಿ. ಅಲ್ಲಿಗೆ ಕುಂಕುಮ ತಲುಪುವುದಿಲ್ಲ.

9 ನವೆಂಬರ್, ಬುಧವಾರ. ದೀಪಾವಳಿ

ಅತ್ತೆ ಮೂರು ವಾರದಿಂದ ಪಾಪಕ್ಕನ ಶೆಡ್ಡಿಗೆ ಹೋಗಿಲ್ಲ ಎಂದು ಇವತ್ತು ತಿಳಿಯಿತು. ಪಾಪಕ್ಕ ಕಜ್ಜಾಯ ಕೊಡಲು ಬಂದವಳು ನನ್ನನ್ನು ಪಕ್ಕಕ್ಕೆ ಕರೆದಳು. "ಏನೋ ಮುಟ್ಬಾರದ್ದು ಮುಟ್ಟಿಬಿಟ್ರಂತೆ. ಮಗನ ಬಾಯಿಂದ ಕೇಳಿ ಊಟ ಬಿಟ್ಟವ್ರೆ. ನೀವು ಬೈದಿದ್ರೆ ಚೆನ್ನಾಗಿರೋದು ಟೀಚರಮ್ಮ. ಬೈಲಿಲ್ವಂತೆ. ಅದೇ ಅವರ್ಗೆ ಕೊರಗು."

ನಾನು 'ಇಲ್ಲ ಅತ್ತೆ' ಎಂದು ಹೇಳಿ ಒಳಗೆ ಬಂದಿದ್ದನ್ನು ಇಷ್ಟು ದಿನ ಒಳ್ಳೆಯತನ ಎಂದುಕೊಂಡಿದ್ದೆ.

ಹಿತ್ತಲಲ್ಲಿ ಅವರ ಪಕ್ಕ ಹೋಗಿ ಕೂತೆ. ಫ್ಲಾಪಿ ಹೋದದ್ದರಿಂದ ಎಷ್ಟು ನಷ್ಟವಾಯಿತು ಎಂದು ಪೂರ್ತಿ ಹೇಳಿದೆ. ಸಿಟ್ಟು ಬಂದಿತ್ತು ಎಂದೂ ಹೇಳಿದೆ. ಆಮೇಲೆ, ಅದರೊಳಗೆ ಇದ್ದ ತಪ್ಪನ್ನು ಹಿಡಿದದ್ದೂ ಅವರೇ ಎಂದು ಹೇಳಿದೆ. ನಂಬಲಿಲ್ಲ. ಬಾಂಡ್ಲಿ ಮುಂದೆ ಕೂತು ಎಣಿಸಬೇಕು ಎಂದದ್ದನ್ನು ನೆನಪಿಸಿದೆ. ಎಲೆಕ್ಟ್ರಾನು ಕೊಟ್ಟ ಬಿಸಿ ಸುತ್ತಲೇ ನಿಂತು ಅದಕ್ಕೇ ಹಿಂದಕ್ಕೆ ಬರುವ ಸಂಗತಿಯನ್ನೂ ವಿವರಿಸಿದೆ, ಐದು ವರ್ಷದ ಹಿಂದೆ ವಿವರಿಸಿದ್ದಕ್ಕಿಂತ ನಿಧಾನವಾಗಿ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಲ್ಲ ತಾಯಿ, ಬಾಗ್ಲು ಹಾಕ್ಕೊಂಡು ಆರಿಸಿದ್ರೆ ಹೆಂಗ್ ಆರ್ತದೆ? ಹಬೆ ಹೋಗಕ್ಕೆ ದಾರಿ ಬೇಡ್ವಾ?"

"ಅದೇ ಅತ್ತೆ. ದಾರಿ ಇದೆ, ಸಣ್ಣದು. ಏಳು ಪಿಕೋಸೆಕೆಂಡಿನಷ್ಟು."

"ಅದೆಷ್ಟೋ ನಂಗೆ ಗೊತ್ತಿಲ್ಲ. ನೀನು ಊಟ ಮಾಡು" ಎಂದು ಎದ್ದರು. ಎರಡು ತಟ್ಟೆ ಹಾಕಿದರು.

19 ನವೆಂಬರ್, ಶನಿವಾರ

ಗೆರೆ ಬಂತು. ಬಿಂದುಗಳ ಕೆಳಗೇ ಇದೆ. ಹತ್ತಕ್ಕೆ ಆರು, ಬಿಸಿ ಹೆಚ್ಚಿರುವ ತುದಿಯಲ್ಲಿ ಆರೂವರೆ. ಎರಡು ಸಲ ಓಡಿಸಿದೆವು.

ಮೂರ್ತಿಯವರ ಮುಖ ಬಾಡಿತು. ಏನಾದರೂ ಪವಾಡ ಆಗುತ್ತದೆ ಎಂದುಕೊಂಡಿದ್ದರೇನೋ. ನನಗೆ ಹಾಗೆ ಅನ್ನಿಸಲಿಲ್ಲ. ಮೊದಲ ಗೆರೆ ನೋಡಿದಾಗ ಕುಣಿಯುವಂತಾಗಿತ್ತು. ಇದನ್ನು ನೋಡಿದಾಗ, ಅಳತೆ ಸರಿಯಿರುವ ಬಾಗಿಲನ್ನು ಮುಚ್ಚಿ ನೋಡಿದ ಹಾಗಿತ್ತು. ಗೆರೆಗೂ ಬಿಂದುಗಳಿಗೂ ನಡುವೆ ಇರುವ ಜಾಗದಲ್ಲಿ ನನಗೆ ಗೊತ್ತಿಲ್ಲದ್ದು ಏನೋ ಇದೆ. ಮೊದಲಾದರೆ ಅಲ್ಲಿ ಜಾಗವೇ ಇರಲಿಲ್ಲ.

ಬಸ್ಸಿನಲ್ಲಿ ಮೂರ್ತಿಯವರು ಅವರೆಕಾಯಿ ಸುಲಿಯುತ್ತ ಬಂದರು, ನಾನೂ ಸುಲಿದೆ. ಪಿಳ್ಳಣ್ಣನವರಿಗೆ ಕೊಡಲು ಇಟ್ಟುಕೊಂಡಿದ್ದ ಒಂಬತ್ತು ಉತ್ತರಗಳಲ್ಲಿ ಒಂದನ್ನು ಹೇಳಿದೆ, ಬಹಳ ನಕ್ಕರು. ಎರಡನೆಯದು ನೆನಪಿಗೆ ಬರಲಿಲ್ಲ.

26 ನವೆಂಬರ್, ಶನಿವಾರ

ಪ್ರೊಫೆಸರ ಮುಂದೆ ಎರಡು ಕಾಗದ ಇಟ್ಟೆ. ಒಂದು, ಐದನೆಯ ಅಧ್ಯಾಯ, ಹೊಸ ಗೆರೆ, ಕೊನೆಯಲ್ಲಿ ವ್ಯತ್ಯಾಸಕ್ಕೆ ಕಾರಣ ತಿಳಿದಿಲ್ಲ ಎಂಬ ವಾಕ್ಯ. ಇನ್ನೊಂದು, ಪತ್ರಿಕೆಗೆ ಆರು ಸಾಲಿನ ತಿದ್ದುಪಡಿ. ಹಿಂದಿನ ಲೇಖನದ ಮೂರನೆಯ ಸಮೀಕರಣದಲ್ಲಿ ಮೊದಲ ಲೇಖಕಿ ತಪ್ಪು ಮಾಡಿದ್ದಾಳೆ, ಆದ್ದರಿಂದ ಆ ಹೊಂದಾಣಿಕೆ ನಿಲ್ಲುವುದಿಲ್ಲ ಎಂದು.

"ನಾನು ಮೂವತ್ತೊಂದು ವರ್ಷದಲ್ಲಿ ಒಂದು ತಿದ್ದುಪಡಿಯನ್ನೂ ಹಾಕಿಲ್ಲಮ್ಮ" ಎಂದರು.

"ಗೊತ್ತು ಸಾರ್."

"ಪರೀಕ್ಷಕರು ಇದನ್ನೇ ಹಿಡ್ಕೊಂಡು ಕೂತ್ರೆ? ವಾಪಸು ಕಳಿಸಿದ್ರೆ? ನಾನಿರಲ್ಲ ಅಷ್ಟೊತ್ತಿಗೆ."

"ವಾಪಸು ಕಳಿಸಿದರೆ ಮತ್ತೆ ಮಾಡ್ತೀನಿ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು, ಅಷ್ಟು ಸುಲಭವಾಗಿ ಬಂತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಯಾರೋ ಮೇಜು ಕುರ್ಚಿ ಸಾಗಿಸುತ್ತಿದ್ದರು. ನಿವೃತ್ತಿಯ ನಂತರ ಅವರ ಕೋಣೆಗೆ ಬರುವವರು ಯಾರೆಂದು ಆಗಲೇ ತೀರ್ಮಾನವಾಗಿದೆ. ತಿರುಗಿ ಬಂದು ಕೂತು ಅಧ್ಯಾಯಕ್ಕೆ ಸಹಿ ಹಾಕಿದರು. ತಿದ್ದುಪಡಿಯನ್ನು ಎತ್ತಿಕೊಂಡು ಪೆನ್ನು ಹಿಡಿದಾಗ, ಪೂರ್ತಿ ಹೊಡೆದುಹಾಕಿ ಹಿಂದಕ್ಕೆ ಕೊಡುತ್ತಾರೆ ಎಂದುಕೊಂಡೆ.

'ಮೊದಲ ಲೇಖಕಿ' ಎಂಬುದನ್ನು ಹೊಡೆದು, ಮೇಲೆ 'ಇಬ್ಬರೂ ಲೇಖಕರು' ಎಂದು ಬರೆದರು.

"ಮೂರನೇ ಸಮೀಕರಣ ನಾನೂ ಓದಿದ್ದೆ" ಎಂದರು. "ಗೆರೆ ಚೆನ್ನಾಗಿ ಕೂತಿತ್ತು. ಅದಕ್ಕೇ ಸರಿಯಾಗಿ ಓದ್ಲಿಲ್ಲ."

ನಮಸ್ಕಾರ ಮಾಡಿ ಬಂದೆ.

29 ನವೆಂಬರ್, ಮಂಗಳವಾರ

ಕೃತಜ್ಞತೆಯ ಪುಟ ಟೈಪಾಯಿತು. ಪ್ರೊಫೆಸರ ಹೆಸರು, ಮೂರ್ತಿಯವರ ಹೆಸರು, ಭೀಮರಾಜರ ಹೆಸರು. ಆಮೇಲೆ ಅತ್ತೆಯದೂ ಪಾಪಕ್ಕನದೂ: ಸ್ಪಿನ್ ವಿಷಯದಲ್ಲಿ ನಡೆಸಿದ ಚರ್ಚೆಗಾಗಿ ಶ್ರೀಮತಿ ಸಪ್ಪಲಮ್ಮ ಮತ್ತು ಶ್ರೀಮತಿ ಪಾಪಕ್ಕ ಅವರಿಗೆ. ಟೈಪಿಸ್ಟು ಇವರು ಯಾವ ಇನ್‌ಸ್ಟಿಟ್ಯೂಟಿನವರು ಎಂದು ಕೇಳಿದ. ವಿಜಯಪುರ ಎಂದೆ. ಹಾಗೇ ಹೊಡೆದಿದ್ದಾನೆ.

30 ನವೆಂಬರ್, ಬುಧವಾರ

ಸಲ್ಲಿಸಿದೆ. ನಾಲ್ಕು ಪ್ರತಿ. ಗುಮಾಸ್ತರು ಸೀಲು ಹೊಡೆದು ತಾರೀಖು ತೋರಿಸಿ, "ಕೊನೇ ದಿನಕ್ಕೇ ಬರ್ಬೇಕಾ ಮೇಡಂ?" ಎಂದರು. ಬಸ್‌ಸ್ಟ್ಯಾಂಡಿನ ಡಬ್ಬಿಗೆ ತಿದ್ದುಪಡಿಯ ಲಕೋಟೆ ಹಾಕಿದೆ. ಒಳಗೆ ಬಿದ್ದ ಸದ್ದು ಕೇಳಿಸಿತು.

ಮನೆಗೆ ಬಂದಾಗ ಅತ್ತೆ ಪಾಪಕ್ಕನ ಶೆಡ್ಡಿನಲ್ಲಿದ್ದರು. ಕದಿರಮ್ಮನನ್ನು ಬಯ್ಯುವುದು ಇಲ್ಲಿಗೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತರು. ಕೇಳಲೋ ಬೇಡವೋ ಎಂದು ನೋಡಿ, ಕೊನೆಗೆ ಕೇಳಿದರು.

"ಆರಿತಾ ತಾಯಿ?"

"ಆರುತ್ತವೆ ಅತ್ತೆ. ನಾನು ಅಂದುಕೊಂಡಿದ್ದಕ್ಕಿಂತ ನಿಧಾನ."

"ಆರ್ಲಿ ಬಿಡು. ಯಾರು ಕಾಯ್ತಾ ಅವ್ರೆ?"

ಇಷ್ಟನ್ನೂ ಬರೆಯುತ್ತ ಇವತ್ತು ಎದುರಿನ ಹುರಿ ಮಿಷನ್ನುಗಳಿಗೆ ರಜೆಯಿರಬೇಕು, ಎಷ್ಟು ನಿಶ್ಶಬ್ದ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಅವು ಓಡುತ್ತಲೇ ಇವೆ. ಕಿಟಕಿ ತೆರೆದೇ ಇದೆ. ಯಾವಾಗ ತೆರೆದೆನೋ ನೆನಪಿಲ್ಲ.